ಕಾವೇರಿಯ ಹೆಸರು, ದಿಲ್ಲಿಯ ಮೌನ

2023ರ ಎಪ್ರಿಲ್ 15ರಂದು ಸುಡಾನಿನಲ್ಲಿ ಆ ದೇಶದ ಸೇನೆ ಹಾಗೂ ಅರೆಸೇನಾ ಪಡೆಯಾದ ಆರ್‌ಎಸ್‌ಎಫ್ ನಡುವೆ ಕಾಳಗ ಆರಂಭವಾಯಿತು. ಅಲ್ಲಿ ಸಿಲುಕಿಕೊಂಡಿದ್ದ ಭಾರತೀಯರನ್ನು ತಾಯ್ನಾಡಿಗೆ ಕರೆತರಲು ಕೇಂದ್ರ ಸರಕಾರವು ಕೈಗೊಂಡ ಕಾರ್ಯಾಚರಣೆಗೆ ‘ಆಪರೇಷನ್ ಕಾವೇರಿ’ ಎಂದು ಹೆಸರಿಡಲಾಯಿತು. ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗುಗಳಲ್ಲೂ ವಾಯುಪಡೆಯ ವಿಮಾನಗಳಲ್ಲೂ ಜಿದ್ದಾಕ್ಕೆ, ಅಲ್ಲಿಂದ ಭಾರತಕ್ಕೆ ಹೀಗೆ 3,862 ಮಂದಿಯನ್ನು ಪಾರುಮಾಡಲಾಯಿತು. ಆ ಹೆಸರು ನಮ್ಮ ಭಾಗದವರಿಗೆ ಚಿರಪರಿಚಿತ. ಯಳಂದೂರಿನ ಸುವರ್ಣಾವತಿ ಹೋಗಿ ಸೇರುವುದು ಇದೇ ಕಾವೇರಿಯನ್ನು. ಕೊಳ್ಳೇಗಾಲದ ಮಗ್ಗುಲಲ್ಲಿ ಭರಚುಕ್ಕಿಯಾಗಿ ಧುಮುಕಿ, ಹನೂರಿನ ಕಾಡಂಚಿನಲ್ಲಿ ಹೊಗೇನಕಲ್‌ನತ್ತ ಸಾಗುವುದೂ ಇದೇ ನದಿ.

ಹಾಗೆ ಪಾರಾಗಿ ಬಂದವರಲ್ಲಿ ನಮ್ಮ ನೆರೆಯವರೂ ಇದ್ದರು. ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಪಕ್ಷಿರಾಜಪುರದಂತಹ ಊರುಗಳ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆಗಳನ್ನು ಮಾರುತ್ತಾ ಆಫ್ರಿಕಾದ ದೇಶಗಳಲ್ಲಿ ಸಂಚರಿಸುತ್ತಾರೆ. ಸುಡಾನಿನ ಅಲ್ ಫಾಶಿರ್ ನಗರದಲ್ಲಿ ಅವರು ಅನ್ನ ನೀರಿಗೂ ಪರದಾಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ, ಅಂದು ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಕೇಂದ್ರದ ಮಧ್ಯಪ್ರವೇಶಕ್ಕಾಗಿ ಬಹಿರಂಗವಾಗಿ ಆಗ್ರಹಿಸಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದನ್ನು ರಾಜಕೀಯವೆಂದು ಕರೆದು ಕಟುವಾಗಿ ಉತ್ತರಿಸಿದರು. ರಾಜ್ಯದಲ್ಲಿ ಚುನಾವಣೆ ಹತ್ತಿರವಿತ್ತು, ಆದ್ದರಿಂದ ಮಾತಿಗೆ ಕಾವೇರಿತು. ಅಂತೂ ಜನರು ಮನೆ ಸೇರಿದರು. ಅದಕ್ಕಾಗಿ ಅಧಿಕಾರಿಗಳನ್ನೂ ಸೈನಿಕರನ್ನೂ ಅಭಿನಂದಿಸಲು ನಾವು ಜಿಪುಣರಾಗಬೇಕಿಲ್ಲ.

ಪ್ರಶ್ನೆ ಇರುವುದು ಅದರ ಅನಂತರದ್ದು. ನಮ್ಮವರ ಕೊನೆಯ ವಿಮಾನ ಹೊರಟ ದಿನವೇ ಸುಡಾನ್ ಎಂಬ ದೇಶ ನಮ್ಮ ಪತ್ರಿಕೆಗಳ ಪುಟಗಳಿಂದಲೂ ದಿಲ್ಲಿಯ ಹೇಳಿಕೆಗಳಿಂದಲೂ ಬಹುತೇಕ ಮಾಯವಾಯಿತು. ಯುದ್ಧಭೂಮಿಯಿಂದ ಸ್ವಂತ ಪ್ರಜೆಗಳನ್ನು ಹೊರತರುವುದು ಸರಕಾರದ ಕರ್ತವ್ಯವೆಂಬುದು ನಿರ್ವಿವಾದ. ಆದರೆ ಅದನ್ನೇ ವಿದೇಶಾಂಗ ನೀತಿಯೆಂದು ಕರೆಯುವುದಾದರೆ, ಹಿಂದೆ ಉಳಿದವರ ಕುರಿತು ನೂರ ನಲ್ವತ್ತು ಕೋಟಿ ಜನರ ಈ ದೇಶಕ್ಕೆ ಹೇಳಲು ಏನೂ ಇಲ್ಲವೆಂದೇ ಅರ್ಥವಾಗುತ್ತದೆ.

ಹಾಗೆ ನೋಡಿದರೆ ಇದು ಇಂದಿನ ಸರಕಾರ ಮಾತ್ರ ಹುಟ್ಟುಹಾಕಿದ ಚಾಳಿಯಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ವಿ.ಪಿ. ಸಿಂಗ್ ಸರಕಾರದ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಗ್ದಾದ್‌ಗೆ ಧಾವಿಸಿದರು. ಸದ್ದಾಮ್ ಹುಸೇನ್ ಅವರನ್ನು ಆಲಿಂಗಿಸಿಕೊಂಡ ಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಆ ಭೇಟಿಯ ಫಲವಾಗಿಯೂ ಏರ್ ಇಂಡಿಯಾದ ನೂರಾರು ಹಾರಾಟಗಳ ಬಲದಿಂದಲೂ ಸುಮಾರು 1,70,000 ಭಾರತೀಯರು ಅಮ್ಮಾನ್ ಮಾರ್ಗವಾಗಿ ಊರು ಸೇರಿದರು. ಆದರೆ ಕುವೈತಿನ ಜನರು ಆ ಆಲಿಂಗನವನ್ನು ಬಹುಕಾಲ ಮರೆಯಲಿಲ್ಲ. ತಮ್ಮ ದೇಶವನ್ನು ನುಂಗಿದವನನ್ನು ಭಾರತ ಖಂಡಿಸಲು ತಡವರಿಸಿತು ಎಂಬುದು ಅವರ ಅಳಲಾಗಿತ್ತು. ಆ ಅಳಲಿನಲ್ಲಿ ಹುರುಳಿರಲಿಲ್ಲವೆಂದು ಯಾರು ಹೇಳಬಲ್ಲರು? ನಮ್ಮವರ ಪ್ರಾಣಕ್ಕೆ ತೆತ್ತ ಬೆಲೆ ಇನ್ನೊಬ್ಬರ ಸ್ವಾತಂತ್ರ್ಯದ ಕುರಿತ ಮೌನವಾಗಿತ್ತು. ಆ ಲೆಕ್ಕ ಸರಿಯಿರಲೂಬಹುದು. ಬೆಲೆ ತೆತ್ತಿದ್ದೇವೆ ಎಂಬುದನ್ನು ಮಾತ್ರ ಮುಚ್ಚಿಡಬಾರದು.

ಇದೇ ದೇಶ ಮಾತಾಡಿದ ದಿನಗಳೂ ಇವೆ. 2003ರಲ್ಲಿ ಅಮೇರಿಕ ಇರಾಕಿನ ಮೇಲೆ ದಾಳಿ ನಡೆಸಿದಾಗ ಅಧಿಕಾರದಲ್ಲಿದ್ದುದು ವಾಜಪೇಯಿಯವರ ಸರಕಾರ. ಲೋಕಸಭೆಯಲ್ಲಿ ಮಂಡಿಸಬೇಕಾದ ನಿರ್ಣಯದಲ್ಲಿ ಯಾವ ಪದವಿರಬೇಕೆಂಬ ಕುರಿತು ಸರಕಾರ ಮತ್ತು ವಿರೋಧ ಪಕ್ಷಗಳ ನಡುವೆ ದೀರ್ಘ ಜಗ್ಗಾಟ ನಡೆಯಿತು. ಇಂಗ್ಲಿಷಿನಲ್ಲಿ ಖಂಡನೆಗೂ ವಿಷಾದಕ್ಕೂ ನಡುವೆ ಅಂತರವಿದೆಯಷ್ಟೇ. ಕೊನೆಗೆ ಹಿಂದಿಯ ‘ನಿಂದಾ’ ಎಂಬ ಪದ ಎಲ್ಲರನ್ನೂ ಪಾರುಮಾಡಿತು. ವಿರೋಧ ಪಕ್ಷಗಳು ಅದನ್ನು ಖಂಡನೆಯೆಂದು ಓದಿಕೊಂಡವು, ಸರಕಾರ ಅದಕ್ಕಿಂತ ಮೆತ್ತಗೆ ಓದಿಕೊಂಡಿತು. ಎಪ್ರಿಲ್ 8ರಂದು ನಿರ್ಣಯ ಅಂಗೀಕಾರವಾಯಿತು, ಮರುದಿನ ಬಗ್ದಾದ್ ಪತನವಾಯಿತು! ಇದನ್ನು ಕಂಡು ನಗುವವರು ನಗಲಿ. ಆದರೆ ಅದೇ ವರ್ಷದ ಜುಲೈ 14ರಂದು, ಇರಾಕಿಗೆ ಭಾರತದ ಸೈನ್ಯವನ್ನು ಕಳಿಸಬೇಕೆಂಬ ಅಮೇರಿಕದ ಕೋರಿಕೆಯನ್ನು ಸರಕಾರ ಒಪ್ಪಲಿಲ್ಲ ಎಂಬುದನ್ನು ಮರೆಯಬಾರದು. ಸಂಸತ್ತು ಬಾಯಿಬಿಟ್ಟು ಆಡಿದ ಒಂದು ಪದ, ಅದೆಷ್ಟು ಸಡಿಲವಾಗಿದ್ದರೂ, ಸರಕಾರದ ಕೈಯನ್ನು ಕಟ್ಟಿಹಾಕಬಲ್ಲುದು. ಪರರ ಯುದ್ಧದಲ್ಲಿ ಸಾಯುವುದರಿಂದ ನಮ್ಮ ಸೈನಿಕರನ್ನು ಉಳಿಸಿದ್ದರಲ್ಲಿ ಆ ಪದಕ್ಕೂ ಪಾಲಿದೆ.

ಇದಕ್ಕೆ ಹೋಲಿಸಿದರೆ ಗಾಝಾದ ವಿಷಯದಲ್ಲಿ ನಾವು ಕಂಡುದೇನು? 1947ರ ನವೆಂಬರ್‌ನಲ್ಲಿ ಫೆಲೆಸ್ತೀನ್ ವಿಭಜನೆಯ ಯೋಜನೆಯನ್ನು ವಿರೋಧಿಸಿ ಮತ ಚಲಾಯಿಸಿದ, 1974ರಲ್ಲಿ ಪಿಎಲ್‌ಒ ಸಂಘಟನೆಯನ್ನು ಅರಬೇತರ ದೇಶಗಳ ಪೈಕಿ ಮೊತ್ತಮೊದಲು ಮಾನ್ಯಮಾಡಿದ ಭಾರತವು, 2023ರ ಅಕ್ಟೋಬರ್ 27ರಂದು ಮಾನವೀಯ ಕದನವಿರಾಮಕ್ಕೆ ಕರೆಕೊಟ್ಟ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯದಲ್ಲಿ ತಟಸ್ಥವಾಯಿತು. ಅಕ್ಟೋಬರ್ 7ರ ಹಮಾಸ್ ದಾಳಿಯ ಪ್ರಸ್ತಾಪ ಅದರಲ್ಲಿಲ್ಲ ಎಂಬುದು ಕೊಟ್ಟ ಕಾರಣ. ಆ ದಾಳಿಯಲ್ಲಿ ನಿರಾಯುಧರು ಹತರಾದುದು ಸತ್ಯ ಮತ್ತು ಅದು ಖಂಡನೀಯ. ಈ ಕಾರಣವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಮುಂದಿನದನ್ನು ನೋಡಿ. ಡಿಸೆಂಬರ್ 12ರಂದು ಅಂತಹದೇ ಆಶಯದ ನಿರ್ಣಯಕ್ಕೆ ಭಾರತ ಪರವಾಗಿ ಮತ ನೀಡಿತು. 2025ರ ಜೂನ್ 12ರಂದು, 149 ರಾಷ್ಟ್ರಗಳು ಕದನವಿರಾಮದ ಪರ ಕೈಯೆತ್ತಿದಾಗ, ಮತ್ತೆ ತಟಸ್ಥ. ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ಪರಿಹಾರವನ್ನು ಎತ್ತಿಹಿಡಿದ ನ್ಯೂಯಾರ್ಕ್ ಘೋಷಣೆಗೆ ಮತ್ತೆ ಪರ. ಮೂರೂ ಹನ್ನೆರಡನೆಯ ತಾರೀಕುಗಳೇ. ತಾರೀಕಿನಲ್ಲಿರುವ ಸ್ಥಿರತೆ ನಿಲುವಿನಲ್ಲಿ ಕಾಣದು. ನಿರಾಶ್ರಿತರ ನೆರವಿಗಾಗಿ ವಿಶ್ವಸಂಸ್ಥೆಯ ಏಜೆನ್ಸಿಗೆ ವರ್ಷಕ್ಕೆ 50 ಲಕ್ಷ ಡಾಲರ್ ದೇಣಿಗೆ ಕೊಡುವ ಸರಕಾರವು, ಆ ನಿರಾಶ್ರಿತರ ಮೇಲೆ ಬಾಂಬು ಬೀಳುವುದು ನಿಲ್ಲಬೇಕೇ ಬೇಡವೇ ಎಂಬಲ್ಲಿ ಅಭಿಪ್ರಾಯವಿಲ್ಲದೆ ಕುಳಿತುಕೊಳ್ಳುವುದನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ತಟಸ್ಥ ಮತ ಹೊಸತೇನಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಸರಿಯೇ. ಅದಕ್ಕೆ ಪುರಾವೆ ಬೇಕಿದ್ದವರು ಹನೂರು ತಾಲೂಕಿನ ಒಡೆಯರಪಾಳ್ಯಕ್ಕೆ ಹೋಗಿಬರಬಹುದು. 1970ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿಯನ್ ನಿರಾಶ್ರಿತರ ಶಿಬಿರವನ್ನು ನಮ್ಮಲ್ಲಿ ಕಾಣದವರು ವಿರಳ. ಮುಸುಕಿನ ಜೋಳದ ಹೊಲಗಳ ನಡುವೆ ಎದ್ದುನಿಂತ ಬೌದ್ಧ ಮಠವನ್ನು ನೋಡಲು ರಜಾದಿನಗಳಲ್ಲಿ ಜನ ಸೇರುತ್ತಾರೆ. ಆದರೆ ಅವರು ಅಲ್ಲಿಗೆ ಬಂದುದೇಕೆ ಎಂದು ಕೇಳುವವರು ಎಷ್ಟು ಮಂದಿ? 1950ರಲ್ಲಿ ಚೀನಾದ ಸೇನೆ ಟಿಬೆಟಿಗೆ ನುಗ್ಗಿತು. 1954ರ ಪಂಚಶೀಲ ಒಪ್ಪಂದದಲ್ಲಿ ಭಾರತವು ಟಿಬೆಟನ್ನು ಚೀನಾದ ಪ್ರದೇಶವೆಂದೇ ಬರೆದುಕೊಂಡಿತು. 1959ರಲ್ಲಿ ದಲೈಲಾಮಾ ಗಡಿ ದಾಟಿ ಬಂದ ಬಳಿಕ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಟಿಬೆಟಿನ ಮಾನವ ಹಕ್ಕುಗಳ ಕುರಿತ ನಿರ್ಣಯ ವಿಶ್ವಸಂಸ್ಥೆಗೆ ಬಂದಾಗ ಭಾರತ ತಟಸ್ಥವಾಗಿತ್ತು. ಪರವಾಗಿ ಮತ ನೀಡಿದ್ದು 1965ರಲ್ಲಿ, ಅಂದರೆ ಚೀನಾದೊಂದಿಗೆ ನಾವೇ ಯುದ್ಧ ಮಾಡಿ ಸೋತ ಮೇಲೆ. ನೆಹರೂರವರ ಈ ಮೌನವನ್ನು ಮೆಚ್ಚಲು ಸಾಧ್ಯವಿಲ್ಲ.

ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ನ್ಯೂಯಾರ್ಕಿನಲ್ಲಿ ಮತ ಕೊಡದ ಭಾರತ ಇಲ್ಲಿ ನೆಲ ಕೊಟ್ಟಿತು. ನೆಹರೂ ರಾಜ್ಯಗಳ ಸಹಕಾರ ಕೋರಿದಾಗ ಮೈಸೂರು ರಾಜ್ಯ ಮುಂದೆ ಬಂದುದರಿಂದಲೇ ಬೈಲುಕುಪ್ಪೆಯಲ್ಲಿ ಶಿಬಿರ ತಲೆಯೆತ್ತಿತು, ಮುಂದೆ ಮುಂಡಗೋಡು, ಒಡೆಯರಪಾಳ್ಯಗಳಿಗೂ ಅದು ವಿಸ್ತರಿಸಿತು. ಬಂದವರ ಧರ್ಮ ಯಾವುದು, ಭಾಷೆ ಯಾವುದು ಎಂದು ಹನೂರು ಭಾಗದ ರೈತನಾಗಲಿ ವ್ಯಾಪಾರಿಯಾಗಲಿ ಕೇಳಲಿಲ್ಲ. ಅಂದಿನ ತಟಸ್ಥ ಮತದ ಬದಿಯಲ್ಲಿ ಆಶ್ರಯವೆಂಬ ಇನ್ನೊಂದು ಉತ್ತರವಿತ್ತು. ಇಂದು ತಟಸ್ಥ ಮತ ಒಂಟಿಯಾಗಿದೆ. 2017ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್ ಸೇನೆ ರೋಹಿಂಗ್ಯಾ ಜನರ ಊರುಗಳನ್ನು ಸುಟ್ಟು ಲಕ್ಷಾಂತರ ಮಂದಿಯನ್ನು ಬಾಂಗ್ಲಾದೇಶಕ್ಕೆ ಅಟ್ಟಿತು. ಮರುತಿಂಗಳು ಅಲ್ಲಿಗೆ ಭೇಟಿ ನೀಡಿದ ನಮ್ಮ ಪ್ರಧಾನಿ ರಖೈನ್‌ನ ‘ಉಗ್ರವಾದಿ ಹಿಂಸೆ’ಯ ಕುರಿತು ಕಳವಳ ವ್ಯಕ್ತಪಡಿಸಿದರು. ಬಾಂಗ್ಲಾದೇಶದ ಶಿಬಿರಗಳಿಗೆ ಪರಿಹಾರ ಸಾಮಗ್ರಿ ಕಳಿಸಿದ್ದೇನೋ ನಿಜ. ಆದರೆ ಭಾರತದೊಳಗೆ ಬಂದವರನ್ನು ಅಕ್ರಮ ನುಸುಳುಕೋರರೆಂದು ಕರೆದು ಗಡೀಪಾರಿನ ದಾರಿ ಹುಡುಕಲಾಯಿತು. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ಸ್ವಂತದ ನಿರಾಶ್ರಿತ ಕಾನೂನನ್ನೂ ಮಾಡಿಲ್ಲ. ಹೀಗಾಗಿ ಯಾರು ಅತಿಥಿ, ಯಾರು ನುಸುಳುಕೋರ ಎಂಬುದು ಆಯಾ ಕಾಲದ ಸರಕಾರದ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಾಗಿದೆ.

ರಾಷ್ಟ್ರಗಳು ಹಿತಾಸಕ್ತಿಯಿಂದ ನಡೆಯುತ್ತವೆಯೇ ಹೊರತು ಭಾವನೆಯಿಂದಲ್ಲ ಎಂಬ ಮಾತನ್ನು ವಿದೇಶಾಂಗ ತಜ್ಞರು ಆಗಾಗ ಹೇಳುತ್ತಿರುತ್ತಾರೆ. ಇದನ್ನು ತಿಳಿಯಲು ನಮಗೆ ಯಳಂದೂರಿನ ಇತಿಹಾಸವೇ ಸಾಕು. ಟಿಪ್ಪು ಸುಲ್ತಾನ್ ಕಾನ್‌ಸ್ಟಾಂಟಿನೋಪಲ್‌ಗೂ ಪ್ಯಾರಿಸ್‌ಗೂ ರಾಯಭಾರಿಗಳನ್ನು ಕಳಿಸಿದ್ದ. ಎರಡು ಕಡೆಯಿಂದಲೂ ಅವನು ಬಯಸಿದ ಸೈನ್ಯ ಬರಲಿಲ್ಲ. ಅಷ್ಟೇ ಅಲ್ಲ, 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆರಗಿದಾಗ ಉಸ್ಮಾನಿಯಾ ಸುಲ್ತಾನ ಮೂರನೆಯ ಸಲೀಮ್, ಫ್ರೆಂಚರ ಸ್ನೇಹ ಬಿಡುವಂತೆ ಟಿಪ್ಪುವಿಗೆ ಪತ್ರ ಬರೆದ. ಆ ಪತ್ರವನ್ನು ತಲುಪಿಸಿದವರು ಬ್ರಿಟಿಷರು! ಧರ್ಮ ಒಂದೇ ಆಗಿದ್ದರೂ ಸಾಮ್ರಾಜ್ಯದ ಹಿತ ಬೇರೆಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಂತ್ರಿ ಪೂರ್ಣಯ್ಯ ಗೆದ್ದವರೊಂದಿಗೆ ವ್ಯವಹರಿಸಿ ರಾಜ್ಯದ ಆಡಳಿತವನ್ನು ನಡೆಸಿದರು. 1807ರಲ್ಲಿ ಅವರಿಗೆ ಜಹಗೀರಾಗಿ ದೊರೆತದ್ದೇ ಯಳಂದೂರು. ಬಲಶಾಲಿಯೊಂದಿಗೆ ಬದುಕುವ ವಿದ್ಯೆಯನ್ನು ಪೂರ್ಣಯ್ಯನವರಿಂದ ಯಾರೂ ಕಲಿಯಬಹುದು. ಆದರೆ ಸ್ವಾಮಿ, ಸೋತು ಅಧೀನವಾದ ಸಂಸ್ಥಾನದ ದಿವಾನರಿಗೆ ಅನಿವಾರ್ಯವಾಗಿದ್ದ ಜಾಣ್ಮೆಯು, ‘ವಿಶ್ವಗುರು’ ಎಂದು ಕರೆದುಕೊಳ್ಳುವ ಸಾರ್ವಭೌಮ ರಾಷ್ಟ್ರಕ್ಕೂ ಅನಿವಾರ್ಯವೇ?

ಇನ್ನು ದಿಲ್ಲಿಯನ್ನು ಪ್ರಶ್ನಿಸುವ ನಮ್ಮ ಸಮುದಾಯದ ಕಡೆಗೆ ಬರೋಣ. ಹಕ್ಕಿಪಿಕ್ಕಿ ಜನರು ಪಾರಾಗಿ ಬಂದ ಅದೇ ಅಲ್ ಫಾಶಿರ್ ನಗರವು ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ವಶವಾಯಿತು. ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಮಂದಿ ಕೊಲ್ಲಲ್ಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಕೊಂದವರೂ ಮುಸ್ಲಿಮರು, ಸತ್ತವರೂ ಮುಸ್ಲಿಮರು. ಗಾಝಾಕ್ಕಾಗಿ ಕಣ್ಣೀರಿಟ್ಟು ದುಆ ಮಾಡಿದ ನಮ್ಮ ಮಸೀದಿಗಳಲ್ಲಿ ಎಷ್ಟರಲ್ಲಿ ಅಲ್ ಫಾಶಿರ್‌ನ ಹೆಸರು ಕೇಳಿಬಂತು? ಆರ್‌ಎಸ್‌ಎಫ್‌ಗೆ ಶಸ್ತ್ರಾಸ್ತ್ರ ಪೂರೈಸುತ್ತಿದೆಯೆಂಬ ಆರೋಪ ಯುಎಇಯ ಮೇಲಿದೆ. ಆ ದೇಶ ಅದನ್ನು ನಿರಾಕರಿಸುತ್ತಾ ಬಂದಿದೆ. ಸುಡಾನ್ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದ ದೂರನ್ನು ತನ್ನ ವ್ಯಾಪ್ತಿಗೆ ಬಾರದೆಂದು ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಕೈಬಿಟ್ಟಿತು, ಆರೋಪದ ಸತ್ಯಾಸತ್ಯವನ್ನು ಅದು ವಿಚಾರಿಸಲೇ ಇಲ್ಲ. ಅಬುಧಾಬಿಯೊಂದಿಗೆ ದಿಲ್ಲಿಗೆ ವ್ಯಾಪಾರವಿದೆ, ನಮ್ಮ ಪಟ್ಟಣಗಳ ಹುಡುಗರಿಗೆ ಅಲ್ಲಿ ಉದ್ಯೋಗವಿದೆ. ದಿಲ್ಲಿಯ ಮೌನವನ್ನು ಸ್ವಾರ್ಥವೆಂದು ಕರೆಯುವವರು, ತಮ್ಮ ಮೌನಕ್ಕೆ ಬೇರೆ ಹೆಸರು ಕೊಡುವುದು ಹೇಗೆ? ಅದೇ ರೀತಿ 2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದಾಗ ರಾಜ್ಯವೇ ಮರುಗಿತು. ಆ ಶೆಲ್ಲನ್ನು ಹಾರಿಸಿದ ಆಕ್ರಮಣದ ಕುರಿತಾದ ನಿರ್ಣಯಗಳಲ್ಲಿ ಭಾರತ ತಟಸ್ಥವಾದಾಗ, ಇಂದು ಗಾಝಾದ ಮತವನ್ನು ಟೀಕಿಸುವವರಲ್ಲಿ ಹಲವರು ಅದನ್ನು ಜಾಣ ನಡೆಯೆಂದು ಹೊಗಳಿದ್ದರು.

ಕೊಳ್ಳೇಗಾಲ ಮತ್ತು ಹನೂರು ವಿಧಾನಸಭಾ ಕ್ಷೇತ್ರಗಳು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಳಂದೂರು ಕೊಳ್ಳೇಗಾಲ ಕ್ಷೇತ್ರದೊಳಗೇ ಬರುತ್ತದೆ. ಲೋಕಸಭೆಯಲ್ಲಿ ವಿದೇಶಾಂಗ ಸಚಿವರಿಗೆ ಲಿಖಿತ ಪ್ರಶ್ನೆ ಕೇಳುವ ಹಕ್ಕು ನಮ್ಮ ಸಂಸದರಿಗಿದೆ. ಆದರೆ ರಸ್ತೆ, ಕುಡಿಯುವ ನೀರು, ಪಿಂಚಣಿಗಳ ಅರ್ಜಿ ಹಿಡಿದು ಅವರ ಬಳಿಗೆ ಹೋಗುವ ನಮ್ಮ ಜಮಾಅತ್‌ಗಳೂ ಸಂಘಗಳೂ ಈ ವಿಷಯವನ್ನು ಅವರ ಮುಂದೆ ಎತ್ತಿದ್ದು ಅಪರೂಪ. 2025ರ ಜೂನ್‌ನಲ್ಲಿ ತಟಸ್ಥ, ಸೆಪ್ಟೆಂಬರ್‌ನಲ್ಲಿ ಪರ, ಈ ನಡುವಣ ಮೂರು ತಿಂಗಳಲ್ಲಿ ಬದಲಾದುದೇನು? ಅಲ್ ಫಾಶಿರ್‌ನ ಹತ್ಯಾಕಾಂಡದ ಕುರಿತು ಅಬುಧಾಬಿಯೊಂದಿಗೆ ಭಾರತ ಮಾತಾಡಿದೆಯೇ? ಒಡೆಯರಪಾಳ್ಯದ ಜನರಿಗೆ ದೊರೆತ ಆಶ್ರಯವನ್ನು ಎಲ್ಲ ನಿರಾಶ್ರಿತರಿಗೂ ಅನ್ವಯವಾಗುವ ಕಾನೂನಾಗಿಸಲು ಸರಕಾರಕ್ಕಿರುವ ಅಡ್ಡಿ ಯಾವುದು? ಇಷ್ಟನ್ನು ಬರೆದು ಕೊಡಲು ಒಂದು ಹಾಳೆ ಸಾಕು. ಮುಂದಿನ ಅಧಿವೇಶನಕ್ಕೆ ಮುನ್ನ ಅದು ಸಂಸದರ ಕೈಸೇರಲಿ, ಬಂದ ಉತ್ತರವನ್ನು ಜುಮಾದ ದಿನ ಮಸೀದಿಯ ಸೂಚನಾ ಫಲಕದಲ್ಲಿ ಎಲ್ಲರೂ ಓದುವಂತೆ ಅಂಟಿಸಲಿ.