ಡಿಸ್ಚಾರ್ಜ್ ಆದಾಕ್ಷಣ ಗುಣವಾಯಿತೇ?

ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಾ ಹೋಗುವಾಗ ಜಾರಿ ಬಿದ್ದವರು, ನಡುರಾತ್ರಿ ಹೋಟೆಲು ಮುಚ್ಚಿ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಮನೆಗೆ ಮರಳುವಾಗ ಅಪಘಾತಕ್ಕೀಡಾದವರು - ಮುಂಬಯಿಯ ತುಳು ಕನ್ನಡಿಗರಿಗೆ ಇಂತಹ ಸುದ್ದಿ ಹೊಸದಲ್ಲ. ತಲೆಗೆ ಪೆಟ್ಟಾಗಿದೆ, ಶಸ್ತ್ರಚಿಕಿತ್ಸೆಗೆ ಹಣ ಬೇಕು ಎಂಬ ಕರೆ ಬಂದೊಡನೆ ಸಂಘ-ಸಂಸ್ಥೆಗಳು ಧಾವಿಸುತ್ತವೆ. ದಾನಿಗಳು ಕೈಜೋಡಿಸುತ್ತಾರೆ, ಯುವ ವಿಭಾಗದವರು ರಕ್ತ ಕೊಡಲು ಸಾಲುಗಟ್ಟುತ್ತಾರೆ. ಇದು ನಿಜಕ್ಕೂ ಶ್ಲಾಘನೀಯ. ಆದರೆ ಡಿಸ್ಚಾರ್ಜ್ ಆದ ದಿನವೇ ಆ ಕಡತವೂ ಮುಚ್ಚುತ್ತದೆ. ಜೀವ ಉಳಿಯಿತಲ್ಲ, ದೇವರು ದೊಡ್ಡವನು ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ಮನೆಯವರ ಕಷ್ಟ ಆರಂಭವಾಗುವುದೇ ಅಲ್ಲಿಂದ.

ಕೈ ಮುರಿದರೆ ಪ್ಲಾಸ್ಟರ್ ಕಾಣುತ್ತದೆ. ಮೆದುಳಿನ ಪೆಟ್ಟು ಹಾಗಲ್ಲ. ನಡೆಯುತ್ತಾನೆ, ಮಾತನಾಡುತ್ತಾನೆ, ಹಾಗಾದರೆ ಗುಣವಾಗಿದ್ದಾನೆ ಎಂಬುದೇ ಮೊದಲ ತಪ್ಪು ತಿಳುವಳಿಕೆ. ಗಲ್ಲಾದಲ್ಲಿ ಕೂತವನಿಗೆ ಲೆಕ್ಕ ಹೊಂದುವುದಿಲ್ಲ. ಮಧ್ಯಾಹ್ನದ ಊಟದ ಗದ್ದಲ ತಲೆ ಸಿಡಿಸುತ್ತದೆ, ಎರಡು ಗಂಟೆಯ ಹೊತ್ತಿಗೆ ಮೈಯೆಲ್ಲ ಸೋತಿರುತ್ತದೆ. ಎಷ್ಟೋ ಮಂದಿಗೆ ವಾಸನೆಯ ಶಕ್ತಿಯೇ ಹೋಗಿರುತ್ತದೆ. ಅಡುಗೆಯವನಾದರೆ ಗ್ಯಾಸ್ ಸೋರಿದರೂ ಅವನಿಗೆ ತಿಳಿಯದು. ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಸ್ಕ್ಯಾನ್ ಸರಿಯಾಗಿದೆ, ಇನ್ನೇನು ನಾಟಕ ಎನ್ನುವವರಿದ್ದಾರೆ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು, ಬುರುಡೆಯ ಬಿರುಕನ್ನು ತೋರಿಸುತ್ತದೆ. ಮೆದುಳಿನೊಳಗಿನ ಸೂಕ್ಷ್ಮ ನರತಂತುಗಳು ಹರಿದದ್ದು ಅನೇಕ ಸಲ ಅದರಲ್ಲಿ ಕಾಣಿಸುವುದಿಲ್ಲ. ಇನ್ನು ಹಿಂದಿ ಸಿನಿಮಾ ಕಲಿಸಿದ ಪಾಠ ಬೇರೆಯೇ. ಇನ್ನೊಂದು ಪೆಟ್ಟು ಬಿದ್ದರೆ ಮರೆತದ್ದೆಲ್ಲ ನೆನಪಾಗುತ್ತದಂತೆ! ವಾಸ್ತವದಲ್ಲಿ ಎರಡನೇ ಪೆಟ್ಟು ಮೊದಲನೆಯದಕ್ಕಿಂತ ಅಪಾಯಕಾರಿ.

ಅತ್ಯಂತ ವಿಷಾದನೀಯವಾದುದು ಸ್ವಭಾವ ಬದಲಾದಾಗ ಮನೆಯೊಳಗೆ ನಡೆಯುವ ಜಗಳ. ಶಾಂತನಾಗಿದ್ದವನು ಸಣ್ಣ ಮಾತಿಗೂ ಸಿಡಿಯುತ್ತಾನೆ, ಚುರುಕಾಗಿದ್ದವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಸೋಮಾರಿ, ಅಹಂಕಾರಿ, ಯಾರದೋ ದೃಷ್ಟಿ ತಾಗಿದೆ ಎಂದೆಲ್ಲ ಹೆಸರಿಡುತ್ತಾರೆ. ಸಿಟ್ಟನ್ನು ತಡೆಯುವುದು, ಕೆಲಸಕ್ಕೆ ಮನಸ್ಸು ಹೂಡುವುದು ಮೆದುಳಿನ ಮುಂಭಾಗದ ಕೆಲಸ. ಅಲ್ಲಿ ಪೆಟ್ಟಾದರೆ ಹೀಗಾಗುತ್ತದೆ. ಹರಕೆ ಹೇಳಿಕೊಳ್ಳುವುದು ಅವರವರ ನಂಬಿಕೆ, ಜೊತೆಗೆ ವೈದ್ಯರ ಚೀಟಿಯೂ ಇರಲಿ. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು, ಮದ್ಯ ಮುಟ್ಟುವುದು ಎರಡೂ ಸಲ್ಲದು.

1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಫಿನಿಯಸ್ ಗೇಜ್ ಎಂಬ ರೈಲು ಹಾದಿಯ ಮೇಸ್ತ್ರಿಯ ತಲೆಯೊಳಗಿಂದ ಕಬ್ಬಿಣದ ಸರಳು ತೂರಿಹೋಯಿತು. ಸ್ವಲ್ಪ ಹೊತ್ತಿನಲ್ಲೇ ಆತ ಮಾತನಾಡಿದ, ನಡೆದ. ಆದರೆ ಇವನು ಹಿಂದಿನ ಗೇಜ್ ಅಲ್ಲ ಎಂದರು ಗೆಳೆಯರು. ಹಳೆಯ ಕೆಲಸ ಮತ್ತೆ ಸಿಗಲಿಲ್ಲ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿ ದುಡಿದ ಎಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ.

ಆರು ತಿಂಗಳಲ್ಲಿ ಆದಷ್ಟೇ ಆಯಿತು ಎಂಬ ಮಾತೂ ಹಾಗಾಗಿ ಸರಿಯಲ್ಲ. ಮೊದಲ ತಿಂಗಳುಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ಆದರೆ ವರ್ಷಗಳವರೆಗೂ ಅದು ಮುಂದುವರಿಯಬಹುದು. ಕೇವಲ ವಿಶ್ರಾಂತಿಯಿಂದಲ್ಲ, ಅಭ್ಯಾಸದಿಂದ. ಇಲ್ಲಿಯೇ ನಮ್ಮವರು ಎಡವುವುದು. ಗಾಳಿ ಬದಲಾದರೆ ಸರಿಹೋಗುತ್ತಾನೆ ಎಂದು ಬಸ್ಸು ಹತ್ತಿಸಿ ಊರಿಗೆ ಕಳುಹಿಸುತ್ತಾರೆ. ಚಿಕಿತ್ಸೆ ಅಲ್ಲಿಗೇ ತುಂಡಾಗುತ್ತದೆ. ಇಲ್ಲೇ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಊರಿಗೆ ಹೋಗಲೇಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಕಾಗದಪತ್ರಗಳನ್ನು ಜೊತೆಗೆ ಕೊಟ್ಟು ಕಳುಹಿಸಬೇಕು.

ಮಾತು ಕಳೆದುಕೊಂಡವನಿಗೆ ಹಿಂದಿ, ಮರಾಠಿಯಲ್ಲಿ ಅಭ್ಯಾಸ ನಡೆಯುವಾಗ ಅವನ ಕನ್ನಡ, ತುಳುವಿನಲ್ಲಿ ಅರ್ಧ ಗಂಟೆ ಮಾತನಾಡಿಸುವವರು ಸಿಕ್ಕಿದರೆ ದೊಡ್ಡ ಉಪಕಾರ. ಅದಕ್ಕೆ ಹಣ ಬೇಡ, ಸಂಘದ ಮಹಿಳಾ ವಿಭಾಗ, ಹಿರಿಯ ನಾಗರಿಕರು ಸಾಕು. ವೈದ್ಯಕೀಯ ನಿಧಿಯಲ್ಲಿ ಒಂದು ಪಾಲನ್ನು ಡಿಸ್ಚಾರ್ಜ್ ನಂತರದ ತಿಂಗಳುಗಳ ಫಿಸಿಯೊಥೆರಪಿಗೆ, ಟ್ಯಾಕ್ಸಿ ಬಾಡಿಗೆಗೆ ಎತ್ತಿಡುವ ಬಗ್ಗೆ ಈ ಸಲದ ಮಹಾಸಭೆಯಲ್ಲೇ ಚರ್ಚೆಯಾಗಲಿ. ಹೋಟೆಲು ಮಾಲಕರು ಹಳೆಯ ನೌಕರನನ್ನು ಒಮ್ಮೆಲೇ ಪೂರ್ತಿ ಡ್ಯೂಟಿಗೆ ಹಾಕದೆ, ಗಿರಾಕಿಗಳ ಗದ್ದಲವಿಲ್ಲದ ಬೆಳಗಿನ ಎರಡು ಗಂಟೆ ಸ್ಟೋರ್ ರೂಮಿನ ಸಾಮಾನು ಬರೆದಿಡುವ ಕೆಲಸದಿಂದ ಆರಂಭಿಸಬಹುದು.