ಖಾನೇಷುಮಾರಿಯಲ್ಲಿ ಕಾಣದ ಕೂಸುಗಳು

ಕಿರಾಣಿ ಅಂಗಡಿಯವ ಮಾಲು ತರೋಕೆ ಹೊರಡುವ ಮುಂಚೆ ಒಂದ್ಸಲ ಖಾತೆ ಪುಸ್ತಕ ನೋಡ್ತಾನೆ. ಯಾವುದು ಎಷ್ಟು ಬೇಕು ಅಂತ ಗೊತ್ತಿಲ್ಲದೆ ಲೋಡು ಹಾಕಿಸೋ ದಡ್ಡ ಚನ್ನಗಿರಿಯಲ್ಲೂ ಇಲ್ಲ, ಹೊನ್ನಾಳಿಯಲ್ಲೂ ಇಲ್ಲ. ಆದರೆ ಘನ ಸರ್ಕಾರ? ಅಂಗವಿಕಲರ ಲೆಕ್ಕಕ್ಕೆ ಇನ್ನೂ 2011ರ ಜನಗಣತಿಯನ್ನೇ ತಿರುವಿ ಹಾಕುತ್ತಿದೆ. 2021ರಲ್ಲಿ ಆಗಬೇಕಿದ್ದ ಎಣಿಕೆ ಆಗಲೇ ಇಲ್ಲ.

ಆ ಹಳೇ ಪುಸ್ತಕದ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಇದ್ದದ್ದು ಎಂಟೇ ಕಾಲಂ, ಆಟಿಸಂಗೆ ಜಾಗವಿಲ್ಲ. ಮಾತಾಡದ, ಕರೆದರೆ ತಿರುಗಿ ನೋಡದ ಮಗು 'ಬುದ್ಧಿಮಾಂದ್ಯ' ಎಂದೋ 'ಇತರೆ' ಎಂದೋ ಸೇರಿಕೊಂಡಿತು, ಇಲ್ಲವೇ ಸೇರಲೇ ಇಲ್ಲ. ನ್ಯಾಮತಿಯ ಪಾಡಂತೂ ಇನ್ನೂ ತಮಾಷೆ. ಆಗ ಅದು ತಾಲ್ಲೂಕೇ ಅಲ್ಲ, ಹೊನ್ನಾಳಿ ಲೆಕ್ಕದಲ್ಲೇ ಕರಗಿಹೋಗಿದೆ. ಆ ಅಂಕಿ ಹಿಡಿದು ಈಗ ಯೋಜನೆ ಮಾಡೋದು ಅಣ್ಣನ ಅಳತೆ ಕೊಟ್ಟು ತಮ್ಮನಿಗೆ ಅಂಗಿ ಹೊಲಿಸಿದ ಹಾಗೆ.

2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿತು, ಅದರಲ್ಲಿ ಆಟಿಸಂ ಕೂಡ ಇದೆ. ಹೆಸರೇನೋ ಬಂತು. ಆದರೆ ಇದು ಎಕ್ಸ್‌ರೇ ನೋಡಿ ಸರ್ಟಿಫಿಕೇಟು ಬರೆಯೋ ಕೆಲಸವಲ್ಲ. ಮನೋವೈದ್ಯರು, ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು ಕೂತು ಮಗುವನ್ನು ಗಮನಿಸಿ ಅಂಕ ಹಾಕಬೇಕು. ಅದಕ್ಕಾಗಿ ಜಗಳೂರಿನ ತಾಯಿ ಕೂಲಿ ಬಿಟ್ಟು ದಾವಣಗೆರೆ ಬಸ್ಸು ಹತ್ತಬೇಕು. ಹಾರನ್ ಸದ್ದಿಗೆ ಮಗು ಕಿವಿ ಮುಚ್ಚಿ ಚೀರಿದರೆ ಪಕ್ಕದ ಸೀಟಿನವರು "ಏನವ್ವಾ, ಹುಡುಗನ್ನ ಹಿಂಗಾ ಬೆಳೆಸೋದು?" ಅಂತಾರೆ. (ಬಸ್ಸಿನಲ್ಲೇ ಇದನ್ನು ಓದುತ್ತಿರುವವರು ದಯವಿಟ್ಟು ನೆನಪಿಡಲಿ.) ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿ.ಆರ್.ಸಿ. ಇದೆ, ನಿಜ. ಮಾತಿನ ತರಬೇತಿ ಒಂದು ದಿನದ್ದಲ್ಲ, ವಾರವಾರ ಬೇಕು. ವಾರವಾರ ಬಸ್ ಚಾರ್ಜು ಯಾರು ಕೊಡ್ತಾರೆ?

ಯು.ಡಿ.ಐ.ಡಿ. ಕಾರ್ಡಿನ ಲೆಕ್ಕ ನೋಡಿದರಾಯ್ತು ಅನ್ನೋರಿದ್ದಾರೆ. ಪರೀಕ್ಷೆ ಮಾಡುವ ತಂಡ ಹತ್ತಿರವಿಲ್ಲದ ಕಡೆ ಕಾರ್ಡು ಕಡಿಮೆ. ಕಾರ್ಡು ಕಡಿಮೆ ಅಂತ ಆ ಕಡೆ ತಂಡವೂ ಬರೋದಿಲ್ಲ. ಚಕ್ರ ಹೀಗೇ ಸುತ್ತುತ್ತದೆ. ಪಂಚಾಯ್ತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪಟ್ಟಿ, ಅಂಗನವಾಡಿ ಮತ್ತು ಶಾಲೆ ಮಕ್ಕಳನ್ನು ತಪಾಸಣೆ ಮಾಡುವ ಆರ್.ಬಿ.ಎಸ್.ಕೆ. ತಂಡದ ಪಟ್ಟಿ, ಈ ಕಾರ್ಡಿನ ಪಟ್ಟಿ, ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಹೋಬಳಿವಾರು ತಾಳೆ ನೋಡಲಿ. ಅಂದಾಜು ಸಿಕ್ಕೇ ಸಿಗುತ್ತದೆ. ಆಮೇಲೆ ತಿಂಗಳಿಗೆ ಎರಡು ದಿನವಾದರೂ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೇ ಕಳಿಸಲಿ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಹೊಸ ಜನಗಣತಿ ಎಂದು ಕೇಂದ್ರ ಪ್ರಕಟಿಸಿದೆ. ಎಣಿಸಲು ಬರುವ ಮೇಷ್ಟ್ರುಗಳಿಗೆ ಆಟಿಸಂ ಅಂದರೇನು ಅಂತ ಮೊದಲು ತಿಳಿಸಿಕೊಡಬೇಕು. ಮನೆಯವರೂ ಅಷ್ಟೇ, ಅಕ್ಕನಿಗೆ ಸಂಬಂಧ ಕೂಡಿ ಬರಲ್ಲ ಅಂತ ಆ ಹೊತ್ತಿಗೆ ಮಗುವನ್ನು ಹಿತ್ತಲಿಗೆ ಕಳಿಸುವುದು ಬೇಡ.