ಬ್ರೇಕು ಕೈಗೆಟುಕುವ ಸೈಕಲ್ಲು

ಟ್ರಯಥ್ಲಾನ್‌ಗೆ ಹೆಸರು ಕೊಟ್ಟ ಹೊಸಬರು ಈಜುಕೊಳಕ್ಕಿಂತ ಮೊದಲು ಸೈಕಲ್ ಅಂಗಡಿಗೆ ಹೋಗುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಈಜಿಗೆ ಒಂದು ಕನ್ನಡಕ, ಓಟಕ್ಕೆ ಒಂದು ಜೊತೆ ಶೂ ಇದ್ದರೆ ಆಯಿತು. ದುಡ್ಡು ಕೊಟ್ಟರೆ ವೇಗ ಸಿಗುತ್ತದೆ ಎಂಬ ಆಸೆ ಹುಟ್ಟಿಸುವುದು ನಡುವಿನ ಸೈಕಲ್ ಮಾತ್ರ. ಪುಣೆಯಲ್ಲೋ ಚೆನ್ನೈಯಲ್ಲೋ ನೌಕರಿಯಲ್ಲಿದ್ದು, ನಲವತ್ತರ ಹತ್ತಿರ ಬಂದು, ರಕ್ತಪರೀಕ್ಷೆಯ ವರದಿ ನೋಡಿ ಎಚ್ಚೆತ್ತ ಒಬ್ಬರನ್ನು ನೆನೆಸಿಕೊಳ್ಳಿ. ಓಟದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ‘ಯಾವ ಸೈಕಲ್ ತಗೊಳ್ಳಲಿ?’ ಎಂದು ಅವರು ಕೇಳಿದರೆ ಸಂಜೆಯೊಳಗೆ ಇಪ್ಪತ್ತು ಉತ್ತರ ಬಂದಿರುತ್ತದೆ. ಕಾರ್ಬನ್ನೇ ಆಗಬೇಕು. ಟ್ರಯಥ್ಲಾನ್ ಬೈಕೇ ಬೇಕು. ಈಗ ಅಗ್ಗದ್ದು ಕೊಂಡರೆ ವರ್ಷದೊಳಗೆ ಮತ್ತೆ ಕೊಳ್ಳಬೇಕಾಗುತ್ತದೆ. ಈ ಕೊನೆಯ ಮಾತಿಗೆ ಸೋತು ಲಕ್ಷಗಟ್ಟಲೆ ಸುರಿದವರಿದ್ದಾರೆ. ಅಷ್ಟು ಸುರಿಯಲಾಗದೆ ಆಟದ ಆಸೆಯನ್ನೇ ಬಿಟ್ಟವರೂ ಇದ್ದಾರೆ.

ಎರಡೂ ಬೇಕಿರಲಿಲ್ಲ. ಮೊದಲ ಟ್ರಯಥ್ಲಾನ್‌ಗೆ ಮೈ ಅಳತೆಗೆ ಒಪ್ಪುವ ಸಾದಾ ರೋಡ್ ಬೈಕ್ ಸಾಕು. ಮನೆಯಲ್ಲಿ ಗೇರ್ ಇರುವ ಹೈಬ್ರಿಡ್ ಧೂಳು ತಿನ್ನುತ್ತಿದ್ದರೆ ಅದೂ ಸಾಕು.

ಲೆಕ್ಕ ಹಾಕಿ ನೋಡಬಹುದು. ಹೊಸಬರು ಸಾಮಾನ್ಯವಾಗಿ ಇಳಿಯುವ ಸ್ಪ್ರಿಂಟ್ ಪಂದ್ಯದಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಸೈಕಲ್ ಭಾಗ ಮುಗಿಯಲು 48 ನಿಮಿಷ. ದುಬಾರಿ ಸೈಕಲ್ಲಿನಿಂದ ವೇಗ 28ಕ್ಕೆ ಏರಿತು ಎಂದೇ ಇಟ್ಟುಕೊಳ್ಳೋಣ, 43 ನಿಮಿಷ. ಉಳಿದದ್ದು ಐದು ನಿಮಿಷ. ಅದೂ ಸುಲಭಕ್ಕೆ ಸಿಗುವುದಲ್ಲ: ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುವುದರಿಂದ, 25ರಿಂದ 28ಕ್ಕೆ ಏರಲು ಗಾಳಿಯ ಎದುರೇ ಸುಮಾರು ಶೇ. 40ರಷ್ಟು ಹೆಚ್ಚು ಬಲ ಬೇಕು. ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಹೆಚ್ಚಿನ ಪಾಲು ಸವಾರನ ಮೈಯದೇ ಹೊರತು ಸೈಕಲ್ಲಿನದಲ್ಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಕಲ್ ಪಂದ್ಯ ಕಂಡ ಸೀಮೆಯಲ್ಲಿ ಮೊದಲು ಕಾಲು ನೋಡುತ್ತಾರೆ, ಆಮೇಲೆ ಸೈಕಲ್ಲು.

ದುಡ್ಡಿನ ಮಾತು ಹೋಗಲಿ, ಪ್ರಾಣದ ಮಾತು ಬೇರೆ. ಟ್ರಯಥ್ಲಾನ್ ಬೈಕಿನಲ್ಲಿ ಮೊಣಕೈಗಳನ್ನು ಮೆತ್ತೆಯ ಮೇಲೆ ಊರಿ, ಎರಡು ಕೈಗಳನ್ನು ಮುಂದೆ ಚಾಚಿ, ಬಗ್ಗಿ ಕೂರಬೇಕು. ಗೇರು ಬೆರಳ ತುದಿಯಲ್ಲಿರುತ್ತದೆ. ಬ್ರೇಕು ಇರುವುದು ಪಕ್ಕದ ಹ್ಯಾಂಡಲ್ಲಿನಲ್ಲಿ. ಅದನ್ನು ಹಿಡಿಯಲು ಮೈ ಎತ್ತಿ ಕೈ ಜಾಗ ಬದಲಿಸಬೇಕು. ಪಂದ್ಯದ ದಿನ ವಾಹನ ತಡೆದ ರಸ್ತೆಯಲ್ಲಿ ಇದು ನಡೆದೀತು. ಆದರೆ ಪಂದ್ಯ ಒಂದು ದಿನದ್ದು, ತಾಲೀಮು ತಿಂಗಳುಗಟ್ಟಲೆಯದು. ಚೆನ್ನೈನ ಈಸ್ಟ್ ಕೋಸ್ಟ್ ರಸ್ತೆಯಲ್ಲೋ ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲೋ ಬೆಳಗಿನ ಐದೂವರೆಗೆ ನಾಯಿ ಅಡ್ಡ ಬರುತ್ತದೆ, ಹಾಲಿನ ಸ್ಕೂಟರ್ ಎದುರು ದಿಕ್ಕಿನಿಂದ ಬರುತ್ತದೆ, ಬಣ್ಣ ಬಳಿಯದ ಹಂಪ್ ಹತ್ತಿರ ಬಂದಮೇಲೆ ಕಾಣುತ್ತದೆ. ಕೈ ಬ್ರೇಕಿನ ಮೇಲಿಲ್ಲದ ಆ ಅರೆ ಕ್ಷಣ ಹೊಸಬರಿಗೆ ದುಬಾರಿ. ಹೈದರಾಬಾದಿನಲ್ಲಿ ಹೊರವರ್ತುಲ ರಸ್ತೆಯ ಬದಿಗೆ ಸೌರ ಫಲಕದ ಚಾವಣಿಯುಳ್ಳ 23 ಕಿಲೋಮೀಟರ್ ಸೈಕಲ್ ಪಥ 2023ರಲ್ಲಿ ತೆರೆದಿದೆ. ಅಂಥ ಅದೃಷ್ಟ ಎಲ್ಲ ಊರಿಗಿಲ್ಲ.

ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ 2000ದ ಸಿಡ್ನಿ ಕೂಟದಿಂದ ಇದೆ. ಅಲ್ಲಿ ಪದಕ ಗೆಲ್ಲುವವರು ಹಿಡಿದಿರುವುದು ರೋಡ್ ಬೈಕಿನ ಬಾಗಿದ ಹ್ಯಾಂಡಲ್ಲನ್ನೇ. ಗುಂಪಾಗಿ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಸಾಗಲು ಅನುಮತಿ ಇರುವ ಪಂದ್ಯದಲ್ಲಿ ಮೊಣಕೈ ಊರುವ ಸೈಕಲ್ಲಿಗೆ ಜಾಗವಿಲ್ಲ.

ಎದುರು ವಾದದಲ್ಲೂ ಹುರುಳಿದೆ. 2019ರಲ್ಲಿ ಶುರುವಾದ ಗೋವಾದ ಐರನ್‌ಮ್ಯಾನ್ 70.3ನಂಥ ಪಂದ್ಯದಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಓಡಬೇಕು. ಟ್ರಯಥ್ಲಾನ್ ಬೈಕಿನಲ್ಲಿ ಸೀಟು ಪೆಡಲಿಗಿಂತ ಅಷ್ಟೇನೂ ಹಿಂದಿರುವುದಿಲ್ಲ. ಹಾಗಾಗಿ ಎಷ್ಟೇ ಬಗ್ಗಿ ಕೂತರೂ ಸೊಂಟ ತೀರಾ ಮಡಚಿಕೊಳ್ಳುವುದಿಲ್ಲ. ಅಷ್ಟು ದೂರ ಬಗ್ಗಿ ತುಳಿಯಬಲ್ಲವರಿಗೆ ಇದರ ಲಾಭ ನಿಜ. ಆದರೆ ಅದು ಎರಡನೆಯ, ಮೂರನೆಯ ವರ್ಷದ ಪ್ರಶ್ನೆ. ಆಗಲೂ ರೋಡ್ ಬೈಕಿಗೇ ಏರೋಬಾರ್ ಕಟ್ಟಿಸಿ, ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ ನೋಡುವ ದಾರಿ ಇದ್ದೇ ಇದೆ.

ಅಂಗಡಿಯಲ್ಲಿ ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದ್ದು ಫ್ರೇಮಿನ ಅಳತೆ. ಸ್ಟಾಕ್ ಇರುವ ಅಳತೆಯನ್ನೇ ‘ಇದೇ ಸರ್ ನಿಮ್ಮ ಸೈಜು’ ಎಂದು ದಾಟಿಸುವ ಅಂಗಡಿಗಳಿಗೆ ಬರವಿಲ್ಲ. ಸೀಟಿನ ಎತ್ತರ ಸರಿಮಾಡಬಹುದು, ಹ್ಯಾಂಡಲಿನ ಕತ್ತು ಬದಲಿಸಬಹುದು. ಫ್ರೇಮೇ ದೊಡ್ಡದಾದರೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಗಂಟೆ ತುಳಿದ ಮೇಲೆ ಅಂಗೈ ಜೋಮು ಹಿಡಿದರೆ, ಕತ್ತು ನೋಯುತ್ತಿದ್ದರೆ ಸವಾರನ ದುರ್ಬಲತೆ ಎಂದು ತಿಳಿಯುವ ಮೊದಲು ಅಳತೆ ಪರೀಕ್ಷಿಸಬೇಕು. ವರ್ಗವಾಗಿ ಹೋಗುವವರು, ಉತ್ಸಾಹ ಇಳಿದವರು ಮಾರುವ ಸೈಕಲ್ಲುಗಳು ದೊಡ್ಡ ಊರುಗಳಲ್ಲಿ ಬೇಕಾದಷ್ಟಿವೆ, ಅವು ಒಳ್ಳೆಯ ಖರೀದಿಯೇ. ಕೈ ಬದಲಿಸಿದ್ದಾದರೆ ಅಲ್ಯೂಮಿನಿಯಮ್ಮೇ ವಾಸಿ. ಬಿದ್ದ ಕಾರ್ಬನ್ ಫ್ರೇಮಿನ ಒಳಬಿರುಕು ಬಣ್ಣದ ಕೆಳಗೆ ಅಡಗಿರಬಹುದು. 28 ಮಿಲಿಮೀಟರ್ ಟೈರು ಹಿಡಿಸುತ್ತದೆಯೇ ಎಂದೂ ಕೇಳಬೇಕು, ನಮ್ಮ ರಸ್ತೆಗೆ ಅದು ಬೇಕು. ಪುಣೆಯವರು ಸಿಂಹಗಡದ ಏರು ನೆನೆದು ಹಿಂದಿನ ಗೇರಿನಲ್ಲಿ ದೊಡ್ಡ ಹಲ್ಲುಚಕ್ರ ಇರುವುದನ್ನೇ ಆರಿಸಲಿ. ಚೆನ್ನೈಯವರಿಗೆ ಕಡಲ ಗಾಳಿಯೇ ಏರು.

ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಕೂಡ ಮೊದಲ ಸಲಕ್ಕೆ ಬೇಡ. ಸಿಗ್ನಲ್ಲಿನಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ ನಿಂತಲ್ಲೇ ಬೀಳುವ ಅನುಭವ ಕಾಯಬಹುದು. ಸಾದಾ ಪೆಡಲಿನಲ್ಲಿ ಓಟದ ಶೂ ಹಾಕಿಯೇ ತುಳಿದರೆ ಸೈಕಲ್ ಇಳಿದು ನೇರ ಓಡಬಹುದು, ಶೂ ಬದಲಿಸುವ ಹೊತ್ತೂ ಉಳಿಯುತ್ತದೆ. ಮಿಕ್ಕ ದುಡ್ಡು ಒಳ್ಳೆಯ ಹೆಲ್ಮೆಟ್ಟಿಗೆ, ಹೊಸ ಟೈರಿಗೆ, ಈಜು ಕಲಿಸುವವರಿಗೆ ಹೋಗಲಿ.

ಪಂದ್ಯದ ಹಿಂದಿನ ದಿನ ಹ್ಯಾಂಡಲಿನ ಎರಡೂ ತುದಿಗಳಿಗೆ ಬಿರಡೆ ಇದೆಯೇ ಎಂದು ಮುಟ್ಟಿ ನೋಡಬೇಕು. ಹತ್ತಿಪ್ಪತ್ತು ರೂಪಾಯಿಯ ವಸ್ತು. ಅದಿಲ್ಲದೆ ತೆರೆದುಕೊಂಡಿರುವ ಕೊಳವೆ, ಬಿದ್ದಾಗ ಮೈಗೆ ಹೊಕ್ಕುತ್ತದೆ. ಆದ್ದರಿಂದ ತಪಾಸಣೆಯವರು ಅಂಥ ಸೈಕಲ್ಲನ್ನು ಒಳಗೆ ಬಿಡುವುದಿಲ್ಲ, ಅದರ ಬೆಲೆ ಎಷ್ಟೇ ಲಕ್ಷವಿರಲಿ.